ರಾಜ್ಯಾಂಗ ವಿಚಾರ: ಸಿಂಹಳದ ಬೀಗದ ಕೈಗಳು

ಒಂದು ಮನೆಯಲ್ಲಿ ಯಜಮಾನಿಕೆ ಯಾರದೆಂದು ತಿಳಿಯಬೇಕಾದರೆ ಜಗಲಿಯ ಮೇಲೆ ಯಾರು ಕುಳಿತಿರುವರೆಂದು ನೋಡಿದರೆ ಸಾಲದು. ಉಗ್ರಾಣದ ಬೀಗದ ಕೈ ಯಾರ ಸೊಂಟದಲ್ಲಿದೆಯೆಂದು ನೋಡಬೇಕು. ದೇಶಗಳ ಆಡಳಿತಕ್ಕೂ ಈ ಪರೀಕ್ಷೆ ಚೆನ್ನಾಗಿ ಸಲ್ಲುತ್ತದೆ. ಬ್ರಿಟಿಷ್ ಚಕ್ರಾಧಿಪತ್ಯಕ್ಕೆ ಸೇರಿದ್ದ ದೇಶಗಳೆಲ್ಲವೂ ಒಂದೇ ರೀತಿಯಾಗಿ ಆಳಲ್ಪಡುತ್ತಿದ್ದುವೆಂದು ನಮ್ಮಲ್ಲಿ ಅನೇಕರು ಎಣಿಸಿರುವುದುಂಟು. ವಾಸ್ತವವು ಹಾಗಿರಲಿಲ್ಲ. ಕೆನಡ, ಆಸ್ಟ್ರೇಲಿಯಗಳಂಥ ಡೊಮಿನಿಯನ್ನುಗಳ ರೀತಿಯೇ ಒಂದು. ವೈಸರಾಯರ ಕೈಕೆಳಗಿದ್ದ ಹಿಂದೂದೇಶದ ರೀತಿಯೇ ಒಂದು. ನಮ್ಮ ಮೈಸೂರಿನಂತಹ ದೇಶೀಯ ಸಂಸ್ಥಾನಗಳದು ಮತ್ತೊಂದು. ಇವಲ್ಲದೆ ‘ಕ್ರೌನ್ ಕಾಲೊನಿ’ ಎಂದರೆ ರಾಜಾಧೀನ ವಸಾಹತು ಎಂಬ ನಾಲ್ಕನೆಯ ಬಗೆಯೊಂದಿತ್ತು. ನಮಗೆ ಅತಿ ಸಮೀಪದಲ್ಲಿದ್ದ ವಸಾಹತು ಸಿಂಹಳ ದ್ವೀಪ. ರಾಮೇಶ್ವರಕ್ಕೆ ಯಾತ್ರೆ ಹೋದ ಹಿರಿಯರು ಸಮುದ್ರದಾಚೆಗೆ ಕೈತೋರಿಸಿ ಲಂಕೆಯೆನ್ನುತ್ತಿದ್ದ ಆ ದೇಶವು 1972ರಿಂದ ಶ್ರೀಲಂಕಾ ಎಂಬ ಹೆಸರಿನ ಗಣರಾಜ್ಯವಾಗಿದೆ. ಈ ತಿಂಗಳು ಅದರ ಹಿಂದಿನ ರಾಜ್ಯಾಂಗದ ಕಥೆಯನ್ನು ವಾಚಕರ ಮುಂದಿಡುತ್ತೇವೆ. ಆ ಕಥೆಯ ಒಂದು ಎಳೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯವರೆಗೂ ಬಂದಿರುವುದರಿಂದ ಇದು ಕೇವಲ ಪರದೇಶದ ಮಾತೆಂದು ಯಾರೂ ಪುಟವನ್ನು ಮಗುಚದಿರಲಿ.

ಡಚ್ಚರ ವಶದಲ್ಲಿದ್ದ ಸಿಂಹಳದ ಕರಾವಳಿಯನ್ನು ಇಂಗ್ಲಿಷರು 1796ರಲ್ಲಿ ಹಿಡಿದರು. ಮೊದಲು ಅದನ್ನು ಈಸ್ಟ್ ಇಂಡಿಯಾ ಕಂಪೆನಿಯವರು ಮದರಾಸಿನಿಂದಲೇ ಆಳಿದರು. ಮದರಾಸಿನ ಕಂದಾಯದ ನೌಕರರು ಹೋಗಿ, ಅಲ್ಲಿಯ ಪದ್ಧತಿಗಳನ್ನು ವಿಚಾರಿಸದೆ, ತೆಂಗಿನ ಮರಗಳ ಮೇಲೆ ತೆರಿಗೆ ಹಾಕಿದರು. ತೆಂಗೇ ಕಲ್ಪವೃಕ್ಷವಾಗಿರುವ ನಾಡಿನಲ್ಲಿ ಇದರ ಪರಿಣಾಮವೇನೆಂದು ಹೇಳಬೇಕಾಗಿಲ್ಲ. 1797ರಲ್ಲಿ ಜನರು ದಂಗೆಯೆದ್ದರು. ಮರುವರ್ಷವೇ ಲಂಡನ್ನಿನಿಂದ ಫ್ರೆಡರಿಕ್ ನಾರ್ತ್ ಎಂಬವನು ಮೊದಲನೆಯ ಗವರ್ನರಾಗಿ ಬಂದನು. 1802ರಲ್ಲಿ ಕಂಪೆನಿಯ ಸಂಬಂಧವು ಪೂರ್ತಿಯಾಗಿ ಕಡಿದುಹೋಗಿ ಆ ಕರಾವಳಿ ನೇರವಾಗಿ ಇಂಗ್ಲೆಂಡಿನ ದೊರೆಗೆ ಸೇರಿದ ವಸಾಹತಾಯಿತು. ಒಳನಾಡಿನ ಕ್ಯಾಂಡಿ ರಾಜ್ಯವು 1815ರಲ್ಲಿ ಅದಕ್ಕೆ ಸೇರಿತು. ಅಲ್ಲಿಯ ಕಡೆಯ ಅರಸನನ್ನು ವೆಲ್ಲೂರಿನ ಕೋಟೆಗೆ ತಂದಿಟ್ಟರು. ಅಂದಿನಿಂದ ಸಿಂಹಳಕ್ಕೂ ಕಲ್ಕತ್ತೆಗೂ ದೆಹಲಿಗೂ ಆಡಳಿತದ ಸಂಬಂಧವಿರಲಿಲ್ಲ. ಇಂಡಿಯಾ ದೇಶದ ಮಂತ್ರಿಯ ಕಚೇರಿಯೇ ಬೇರೆ, ವಸಾಹತುಗಳ ಮಂತ್ರಿಯ ಕಚೇರಿಯೇ ಬೇರೆ. ಸಿಂಹಳದ ಕಾಗದಪತ್ರಗಳು ಎರಡನೆಯದಕ್ಕೆ ಹೋಗುತ್ತಿದ್ದುವು.

ಇಂತಹ ವಸಾಹತಿನ ರಾಜ್ಯಾಂಗವೆಂದರೆ ಜನರು ಕೂಡಿ ಬರೆದುಕೊಂಡ ಗ್ರಂಥವಲ್ಲ. ದೊರೆಯ ಮುದ್ರೆಯುಳ್ಳ ಸನದುಗಳು, ಗವರ್ನರಿಗೆ ಕೊಟ್ಟ ಸೂಚನಾಪತ್ರ, ಪ್ರಿವಿ ಕೌನ್ಸಿಲಿನ ಸಲಹೆಯಿಂದ ಹೊರಡಿಸುವ ರಾಜಾಜ್ಞೆಗಳು, ಇವೇ ಅದರ ರಾಜ್ಯಾಂಗ. ಕೊಡುವವರೂ ಅವರೇ, ತಿದ್ದುವವರೂ ಅವರೇ. ಸ್ಥಳದಲ್ಲಿ ಗವರ್ನರಿಗೆ ಮೇಲಿಲ್ಲ; ಲಂಡನ್ನಿನಲ್ಲಿ ಮಾತ್ರ ಅವನಿಗೆ ಮೇಲಿನವರುಂಟು.

1829ರಲ್ಲಿ ಕೋಲ್‌ಬ್ರೂಕ್ ಎಂಬವನೂ ಅವನ ಹಿಂದೆಯೇ ಕ್ಯಾಮರನ್ ಎಂಬವನೂ ದೇಶಸ್ಥಿತಿಯನ್ನು ವಿಚಾರಿಸಲು ಬಂದರು. ಅವರ ಶಿಫಾರಸಿನ ಮೇಲೆ, ಜನರು ಸರ್ಕಾರಕ್ಕೆ ಕೂಲಿಯಿಲ್ಲದೆ ಮಾಡಬೇಕಾಗಿದ್ದ ‘ರಾಜಕಾರ್ಯ’ವೆಂಬ ಬಿಟ್ಟಿಯು ನಿಂತಿತು. ಇದೊಂದು ದೊಡ್ಡ ಉಪಕಾರವೇ ಸರಿ. 1833ರಲ್ಲಿ ಒಂದು ಶಾಸನಸಭೆಯೂ ಏರ್ಪಟ್ಟಿತು. ಅದರಲ್ಲಿ 15 ಸ್ಥಾನಗಳು. ಒಂಬತ್ತು ಅಧಿಕಾರಿಗಳಿಗೆ, ಆರು ಸರ್ಕಾರೇತರರಿಗೆ. ಈ ಆರರಲ್ಲಿ ಮೂರು ಯೂರೋಪಿಯನ್ನರಿಗೆ. ಉಳಿದ ಮೂರರಲ್ಲಿ ಸಿಂಹಳೀಯರಿಗೊಂದು, ತಮಿಳರಿಗೊಂದು, ಡಚ್ಚರ ಪೀಳಿಗೆಯವರಾದ ಬರ್ಗರರಿಗೊಂದು. ಎಲ್ಲರನ್ನೂ ನೇಮಿಸುವವನು ಗವರ್ನರು. ಅಧ್ಯಕ್ಷಪೀಠದಲ್ಲಿ ಕೂರುವವನೂ ಅವನೇ. ಅಧಿಕಾರಿಗಳು ಅವನ ಪಕ್ಷಕ್ಕೇ ಮತ ಕೊಡತಕ್ಕದ್ದು. ಆದುದರಿಂದ ಆರು ಮಂದಿ ಎಷ್ಟು ವಾಗ್ಮಿಗಳಾಗಿದ್ದರೂ ಎಣಿಕೆಯ ಹೊತ್ತಿಗೆ ಒಂಬತ್ತು ಒಂಬತ್ತೇ, ಆರು ಆರೇ. ಸೈನ್ಯದ ವೆಚ್ಚದ ವಿಷಯದಲ್ಲಿ 1864ರಲ್ಲಿ ವಾದವಾದಾಗ ಸರ್ಕಾರೇತರ ಸದಸ್ಯರು ರಾಜೀನಾಮೆಯಿತ್ತು ಎದ್ದುಹೋದರು. ಸಭೆಯು ನಿಲ್ಲಲಿಲ್ಲ. ಜನಾಂಗಕ್ಕೊಂದು ಮಣೆ ಹಾಕುವ ಈ ಏರ್ಪಾಡು ಬೇರೂರಿತು. 1889ರಲ್ಲಿ ಕ್ಯಾಂಡಿಯವರಿಗೊಂದು, ಮುಸಲ್ಮಾನರಿಗೊಂದು ಮಣೆ ಹೆಚ್ಚಿಗೆ ಬಿತ್ತು.

ಚುನಾವಣೆಯೆಂಬುದು ಸಿಂಹಳದ ಶಾಸನಸಭೆಗೆ ಪ್ರವೇಶಿಸಿದ್ದು 1911ರಲ್ಲಿ, ಅದೂ ಬಾಗಿಲನ್ನು ಸ್ವಲ್ಪವೇ ಓರೆಮಾಡಿದಂತೆ. ದೇಶೀಯರ ಪೈಕಿ ‘ವಿದ್ಯಾವಂತ ಸಿಂಹಳವಾಸಿಗಳು’ ಎಂಬ ಒಂದು ವರ್ಗವನ್ನು ಮಾಡಿ ಅವರಿಗೆ ಒಂದು ಸ್ಥಾನವನ್ನು ಕೊಟ್ಟರು. ದ್ವೀಪದಲ್ಲೆಲ್ಲ ಹುಡುಕಿದರೂ ಆ ವರ್ಗದ ಮತದಾರರು ಮೂರು ಸಾವಿರದಷ್ಟೇ. ಆ ಸ್ಥಾನಕ್ಕೆ ತಮಿಳರಾದ ಪೊನ್ನಂಬಲಂ ರಾಮನಾಥನ್ ಅವರು ಸಿಂಹಳೀಯರಾದ ಡಾಕ್ಟರ್ ಮಾರ್ಕಸ್ ಫರ್ನಾಂಡೋ ಅವರನ್ನು ಸೋಲಿಸಿ ಬಂದರು. ಸಿಂಹಳೀಯರಲ್ಲಿಯೂ ಅನೇಕರು ಅವರಿಗೆ ಮತವಿತ್ತಿದ್ದರು. ಮುಂದಿನ ಕಾಲದ ಕಹಿಯನ್ನು ಬಲ್ಲವರಿಗೆ ಇದು ಈಗ ಆಶ್ಚರ್ಯವಾಗಿ ತೋರುತ್ತದೆ. 1920ರಲ್ಲಿಯೂ 1924ರಲ್ಲಿಯೂ ಸಭೆಯನ್ನು ಹಿಗ್ಗಿಸಿದರು. 1924ರ ಸಭೆಯಲ್ಲಿ 49 ಸದಸ್ಯರಿದ್ದು ಅವರಲ್ಲಿ ಅಧಿಕಾರಿಗಳು 12 ಮಂದಿ ಮಾತ್ರ. ಮತದಾರರು ಮಾತ್ರ ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕರಷ್ಟು. ಹೆಂಗಸರು ಒಬ್ಬರೂ ಇಲ್ಲ.

ಇಲ್ಲೊಂದು ವಿಚಿತ್ರ ಸ್ಥಿತಿ ಒದಗಿತು. ಸಭೆಯಲ್ಲಿ ಬಹುಮತವು ಪ್ರಜಾಪಕ್ಷದ್ದು. ಆದರೆ ಕಾರ್ಯಭಾರವೆಲ್ಲ ಗವರ್ನರ ಮತ್ತು ಅವನ ಅಧಿಕಾರಿಗಳದು. ಸದಸ್ಯರು ಅಧಿಕಾರಿಗಳನ್ನು ಪ್ರಶ್ನಿಸಬಹುದು, ಬೈಯಬಹುದು, ಹಣವನ್ನು ತಡೆಯಬಹುದು. ತಾವು ಬಂದು ಕೆಲಸ ನಡೆಸುವ ಹೊಣೆ ಮಾತ್ರ ಅವರಿಗಿಲ್ಲ. ಒಲೆಯ ಬಳಿಗೆ ಬಿಡದೆ, ಅಡಿಗೆಯ ರುಚಿಯನ್ನು ಮಾತ್ರ ಹಳಿಯಲು ಬಿಟ್ಟರೆ ಯಾವ ಮನೆಯಲ್ಲಿ ನೆಮ್ಮದಿಯಿದ್ದೀತು? ಇದನ್ನು ಸರಿಪಡಿಸಲೆಂದು 1927ನೆಯ ನವಂಬರಿನಲ್ಲಿ ಡೊನೊಮೋರ್ ಪ್ರಭುವಿನ ಅಧ್ಯಕ್ಷತೆಯಲ್ಲಿ ನಾಲ್ವರ ಕಮಿಷನ್ನು ಕೊಲಂಬೋಕ್ಕೆ ಬಂದಿತು.

ಈ ಕಮಿಷನ್ನಿನ ಮುಂದೆ ಬಂದ ಸಾಕ್ಷ್ಯಗಳಲ್ಲಿ ಮತಾಧಿಕಾರ ಯಾರಿಗಿರಬೇಕೆಂಬ ಪ್ರಶ್ನೆಯೇ ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆಯತಕ್ಕದ್ದು. ಸಿಂಹಳದ ರಾಷ್ಟ್ರೀಯ ಕಾಂಗ್ರೆಸ್ಸಿನ ಹಿರಿಯರು ತಿಂಗಳಿಗೆ 50 ರೂಪಾಯಿಗಳಾದರೂ ವರಮಾನವುಳ್ಳವರಿಗೆ ಅದನ್ನು ಮಿತಗೊಳಿಸಬೇಕೆಂದರು. ರಾಮನಾಥನ್ ಅವರಂಥ ಮಹನೀಯರೂ ಎಲ್ಲರಿಗೂ ಮತವೆಂಬುದನ್ನು ಕಡೆಯವರೆಗೆ ವಿರೋಧಿಸಿದರು. 1930ರಲ್ಲಿ, ಇಳಿವಯಸ್ಸಿನಲ್ಲಿಯೂ, ಅದಕ್ಕಾಗಿ ಲಂಡನ್ನಿನವರೆಗೆ ಪ್ರಯಾಣ ಮಾಡಿದರು. ಸ್ವರಾಜ್ಯವು ಬೇಕೆಂದು ಕೇಳಿದವರೇ ತಮ್ಮ ತೋಟದ ಆಳಿಗೂ ಮನೆಯ ಹೆಂಗಸಿಗೂ ಮತವು ಬೇಡವೆಂದರು! ಎಲ್ಲರಿಗೂ ಬೇಕೆಂದು ಗಟ್ಟಿಯಾಗಿ ಹೇಳಿದವರು ಕಾರ್ಮಿಕ ಮುಖಂಡರಾದ ಗುಣಸಿಂಹರ ಪಕ್ಷದವರು. ಸ್ತ್ರೀಯರ ಕಡೆಯಿಂದ 1927ರ ಡಿಸೆಂಬರಿನಲ್ಲಿ ಏರ್ಪಟ್ಟ ಸ್ತ್ರೀ ಮತಾಧಿಕಾರ ಸಂಘದವರು ಕಮಿಷನ್ನಿನ ಮುಂದೆ ಹೋದರು. ಅವರಿಗೆ ಮುಂದಾಳಾಗಿದ್ದವರು ಆಗ್ನೆಸ್ ಡಿ ಸಿಲ್ವಾ ಎಂಬ ಮಹಿಳೆ. ಚಹದ ತೋಟಗಳಲ್ಲಿ ಕೂಲಿಮಾಡುವ ಭಾರತೀಯ ತಮಿಳು ಹೆಂಗಸರಿಗೂ ಮತ ಬೇಕೆನ್ನುತ್ತೀರೋ ಎಂದು ಡೊನೊಮೋರ್ ಪ್ರಭುವು ಕೇಳಲು, ಅವರೂ ಹೆಂಗಸರೇ ಅಲ್ಲವೆ, ಎಲ್ಲ ಹೆಂಗಸರಿಗೂ ಬೇಕು ಎಂದು ತಾವು ಹೇಳಿದುದಾಗಿ ಆಕೆ ಮುಂದೆ ನೆನೆದಿದ್ದಾರೆ. ವಾಚಕರು ಈ ಉತ್ತರವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

ಕಮಿಷನ್ನಿನವರು ಗಂಡಸರಿಗೆ 21, ಹೆಂಗಸರಿಗೆ 30 ವರ್ಷಗಳಾಗಿದ್ದರೆ ಮತ ಕೊಡಬಹುದೆಂದು 1928ರಲ್ಲಿ ವರದಿ ಬರೆದರು. ಓದುಬರಹ ಬರಬೇಕೆಂಬ ನಿರ್ಬಂಧವನ್ನು ಅವರು ಒಪ್ಪಲಿಲ್ಲ. ಬಡವರಿಗೆ ಮತವಿಲ್ಲದೆ ಅಧಿಕಾರವನ್ನು ಕೊಟ್ಟರೆ ಅದು ಕೆಲವೇ ಸಿರಿವಂತರ ಕೈಸೇರುವುದೆಂಬುದು ಅವರ ಭಯ. ಅದೇ ವರ್ಷ ಇಂಗ್ಲೆಂಡಿನಲ್ಲಿ ಹೆಂಗಸರಿಗೂ ಗಂಡಸರಿಗೂ ವಯಸ್ಸನ್ನು ಸಮಮಾಡಿದ್ದರಿಂದ ಸಿಂಹಳದಲ್ಲಿಯೂ ಇಬ್ಬರಿಗೂ 21 ಎಂದೇ ಗೊತ್ತಾಯಿತು. ಹಳೆಯ ಶಾಸನಸಭೆಯು ಈ ಏರ್ಪಾಡುಗಳನ್ನು 1929ರ ಡಿಸೆಂಬರಿನಲ್ಲಿ ಒಪ್ಪಿತು. ಪರವಾಗಿ 19, ವಿರೋಧವಾಗಿ 17. ಎರಡೇ ಮತಗಳ ಅಂತರ! ಹೀಗೆ 1931ರ ಜೂನಿನಲ್ಲಿ ಸಿಂಹಳದ ರೈತನೂ ಅವನ ಹೆಂಡತಿಯೂ ಮತಗಟ್ಟೆಗೆ ಹೋದರು. ಓದಲಾರದವರಿಗಾಗಿ ಅಭ್ಯರ್ಥಿಗಳಿಗೆ ಒಂದೊಂದು ಬಣ್ಣವನ್ನು ಗೊತ್ತುಮಾಡಿದ್ದರು. ನಮ್ಮ ದೇಶದಲ್ಲಿ ವಯಸ್ಕರೆಲ್ಲರೂ ಮತ ಕೊಟ್ಟ ಮೊದಲ ಮಹಾಚುನಾವಣೆ ನಡೆದುದು 1951–52ರಲ್ಲಿ ಎಂಬುದನ್ನು ನೆನೆದರೆ ಇದರ ಮಹತ್ತ್ವವು ತಿಳಿಯುವುದು. ಆ ವರ್ಷದೊಳಗಾಗಿಯೇ ಮರುಚುನಾವಣೆಯೊಂದರಲ್ಲಿ ಅಡೆಲೀನ್ ಮೊಲಮುರೆ ಎಂಬ ಮಹಿಳೆ ಸಭೆಗೆ ಆರಿಸಿ ಬಂದರು. ಮರುವರ್ಷ ನೇಸಂ ಸರವಣಮುತ್ತು ಎಂಬವರು ಬಂದರು. ಉತ್ತರದ ಯಾಳ್ಪಾಣದ ಯುವಕರು ಮಾತ್ರ ಇದು ಪೂರ್ಣ ಸ್ವರಾಜ್ಯವಲ್ಲವೆಂದು ಬಹಿಷ್ಕಾರ ಹೂಡಿದುದರಿಂದ ಅಲ್ಲಿಯ ನಾಲ್ಕು ಸ್ಥಾನಗಳು 1934ರವರೆಗೂ ಬರಿದಾಗಿದ್ದುವು.

ಇನ್ನು ಹೊಸ ರಾಜ್ಯಾಂಗವು ಹೇಗೆ ಕೆಲಸಮಾಡಿತೆಂಬುದನ್ನು ನೋಡೋಣ. ‘ಸ್ಟೇಟ್ ಕೌನ್ಸಿಲ್’ ಎಂಬ ಹೊಸ ಸಭೆಯಲ್ಲಿ 50 ಮಂದಿ ಚುನಾಯಿತರು, 8 ಮಂದಿ ಗವರ್ನರಿಂದ ನೇಮಿತರು, ಮೂವರು ದೊಡ್ಡ ಅಧಿಕಾರಿಗಳು. ಜನಾಂಗಕ್ಕೊಂದು ಮಣೆಯೆಂಬುದನ್ನು ಎತ್ತಿಹಾಕಿ ಊರುಸೀಮೆಗಳ ಮೇಲೆ ಕ್ಷೇತ್ರಗಳನ್ನು ಮಾಡಿದ್ದರು. ಸದಸ್ಯರೆಲ್ಲರೂ ಮೊದಲು ಏಳು ಸಮಿತಿಗಳಾಗಿ ಹಂಚಿಹೋಗಬೇಕು: ಒಳಾಡಳಿತ, ವ್ಯವಸಾಯ ಮತ್ತು ಭೂಮಿ, ಸ್ಥಳೀಯ ಆಡಳಿತ, ಆರೋಗ್ಯ, ಕಾರ್ಮಿಕ ಮತ್ತು ವ್ಯಾಪಾರ, ವಿದ್ಯಾಭ್ಯಾಸ, ರಸ್ತೆ ಮತ್ತು ಕಟ್ಟಡ. ಪ್ರತಿ ಸಮಿತಿಯೂ ತನ್ನ ಅಧ್ಯಕ್ಷನನ್ನು ಆರಿಸುವುದು. ಅವನೇ ಆ ಇಲಾಖೆಯ ಮಂತ್ರಿ. ಇಲಾಖೆಯ ಮುಖ್ಯಾಧಿಕಾರಿ ಬಂದು ಸಮಿತಿಯ ಮುಂದೆ ಕೂರಬೇಕು. ಪಕ್ಷಗಳಿಲ್ಲದ ದೇಶದಲ್ಲಿ ಪ್ರತಿಯೊಬ್ಬ ಸದಸ್ಯನಿಗೂ ಆಡಳಿತದ ಅಭ್ಯಾಸವಾಗಲಿ ಎಂಬುದು ಉದ್ದೇಶ. ಕಲ್ಪನೆ ಹೊಸದು, ಕೆಟ್ಟದೂ ಅಲ್ಲ. ಆದರೆ ಏಳು ಸಮಿತಿಗಳೆಂದರೆ ಒಂದೇ ಮನೆಯಲ್ಲಿ ಏಳು ಒಲೆ ಹೂಡಿದಂತೆ. ಮಂತ್ರಿಗಳೆಲ್ಲರೂ ಒಟ್ಟಾಗಿ ಹೊಣೆಯಾಗಿದ್ದುದು ವಾರ್ಷಿಕ ಆಯವ್ಯಯಕ್ಕೆ ಮಾತ್ರ; ಉಳಿದುದರಲ್ಲಿ ಒಬ್ಬ ಮಂತ್ರಿಯ ಮಸೂದೆಯನ್ನು ಇನ್ನೊಬ್ಬ ಮಂತ್ರಿಯು ಎದುರಿಸಿ ಮಾತನಾಡಬಹುದಾಗಿತ್ತು.

ಬೀಗದ ಕೈಗಳ ಮಾತಿಗೆ ಬರೋಣ. ಏಳು ಕೈಗಳನ್ನು ದೇಶೀಯರಿಗೆ ಕೊಟ್ಟರು. ಮೂರನ್ನು ಕೊಡಲಿಲ್ಲ. ಹಣಕಾಸಿನ ಬೊಕ್ಕಸವು ಫೈನಾನ್ಷಿಯಲ್ ಸೆಕ್ರೆಟರಿಯದು. ನ್ಯಾಯಾಂಗ, ಚುನಾವಣೆಗಳ ವ್ಯವಹಾರವು ಲೀಗಲ್ ಸೆಕ್ರೆಟರಿಯದು. ಸರ್ಕಾರಿ ನೌಕರರು, ಪರದೇಶ ವ್ಯವಹಾರ, ದೇಶರಕ್ಷಣೆ ಇವು ಚೀಫ್ ಸೆಕ್ರೆಟರಿಯದು. ಈ ಮೂವರು ಸಭೆಯಲ್ಲಿ ಮಾತನಾಡಬಹುದು, ಮತ ಕೊಡುವಂತಿಲ್ಲ. ಮತದ ಅವಶ್ಯಕತೆಯಾದರೂ ಅವರಿಗೇನಿತ್ತು? ಇವರ ಮೇಲೆ ಗವರ್ನರು. ಸಭೆಯು ನಿರಾಕರಿಸಿದುದನ್ನು ಅತ್ಯಂತ ಮುಖ್ಯವೆಂದು ತಾನು ಸಾರಿ ಜಾರಿಗೆ ತರುವ ಕಾಯ್ದಿಟ್ಟ ಅಧಿಕಾರವು ಅವನಲ್ಲಿತ್ತು.

ಈ ಅಧಿಕಾರಕ್ಕೆ ಎಲ್ಲೆ ಎಲ್ಲಿ ಎಂಬುದು 1937ರಲ್ಲಿ ಒಂದು ಸ್ವಾರಸ್ಯವಾದ ಪ್ರಸಂಗದಿಂದ ಹೊರಬಿದ್ದಿತು. ಮಾರ್ಕ್ ಆಂಟನಿ ಬ್ರೇಸ್‌ಗರ್ಡಲ್ ಎಂಬ ತರುಣನು ಆಸ್ಟ್ರೇಲಿಯದಿಂದ ಚಹದ ತೋಟದ ಕೆಲಸ ಕಲಿಯಲು ಬಂದಿದ್ದನು. ತೋಟದ ಕೂಲಿಗಳ ಪಾಡನ್ನು ಕಣ್ಣಾರೆ ಕಂಡು ಅವನಿಗೆ ಮನಸ್ಸು ತಿರುಗಿ, ಲಂಕಾ ಸಮಸಮಾಜ ಪಕ್ಷದವರೊಡನೆ ಸೇರಿಕೊಂಡನು. ಏಪ್ರಿಲ್ 3ರಂದು ನಾವಲಪಿಟಿಯದಲ್ಲಿ ತೋಟದ ಕಾರ್ಮಿಕರ ಸಭೆಯೊಂದು ನಡೆಯಿತು. ಆ ಸಭೆಯಲ್ಲಿ ಭಾಷಣ ಮಾಡಿದವರಲ್ಲಿ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರೂ ಒಬ್ಬರು. ಅದೇ ವೇದಿಕೆಯ ಮೇಲೆ ಬಿಳಿಯ ದೊರೆಯೊಬ್ಬನು ನಿಂತು ಬಿಳಿಯ ದೊರೆಗಳನ್ನೇ ಖಂಡಿಸಿದರೆ ತೋಟದ ಯಜಮಾನರಿಗೆ ಹೇಗಾಗಿರಬೇಡ? ಅವರು ಗವರ್ನರ್ ಸ್ಟಬ್ಸ್ ಅವರ ಬಳಿಗೆ ಹೋದರು. ಏಪ್ರಿಲ್ 22ರಂದು ಬ್ರೇಸ್‌ಗರ್ಡಲ್‌ನಿಗೆ ಆಜ್ಞೆಯಾಯಿತು: ಎರಡು ದಿನಗಳೊಳಗೆ ದ್ವೀಪವನ್ನು ಬಿಡತಕ್ಕದ್ದು.

ಆಜ್ಞೆಗೆ ಆಧಾರವೇನು? 1896ರ ಒಂದು ರಾಜಾಜ್ಞೆ. ಸಿಂಹಳದ ಜನರ ಪ್ರತಿನಿಧಿಗಳಾರೂ ಮಾಡಿದ ಕಾನೂನಲ್ಲ. ಒಳಾಡಳಿತದ ಮಂತ್ರಿಗಳಾಗಿದ್ದ ಸರ್ ಡಿ. ಬಿ. ಜಯತಿಲಕರು ಈ ವಿಷಯದಲ್ಲಿ ತಮ್ಮ ಸಲಹೆಯನ್ನು ಪಡೆಯಲಿಲ್ಲವೆಂದರು. ಬ್ರೇಸ್‌ಗರ್ಡಲ್ ಹಡಗು ಹತ್ತಲಿಲ್ಲ, ಅಡಗಿಕೊಂಡನು. ಮೇ 5ರಂದು ಸ್ಟೇಟ್ ಕೌನ್ಸಿಲ್ ಗವರ್ನರ ಕಾರ್ಯವನ್ನು 34ಕ್ಕೆ 7 ಮತಗಳಿಂದ ಖಂಡಿಸಿತು. ಅದೇ ದಿನ ಕೊಲಂಬೋದ ಗಾಲ್ ಫೇಸ್ ಬಯಲಿನಲ್ಲಿ ಸೇರಿದ ಮಹಾಸಭೆಯಲ್ಲಿ ಅವನು ವೇದಿಕೆಯ ಮೇಲೆ ಪ್ರತ್ಯಕ್ಷನಾದನು! ಕೆಲವು ದಿನಗಳ ಮೇಲೆ ಪೋಲೀಸರು ಹಿಡಿದರು. ಸುಪ್ರೀಂ ಕೋರ್ಟಿಗೆ ಅರ್ಜಿಯು ಹೋಯಿತು. ಮುಖ್ಯ ನ್ಯಾಯಾಧೀಶರಾದ ಸರ್ ಸಿಡ್ನಿ ಏಬ್ರಹಾಮ್ಸರು ಇಂಗ್ಲಿಷರೇ. ಆದರೂ ಅವರು ಮತ್ತು ಜೊತೆಯ ನ್ಯಾಯಾಧೀಶರು, ಯುದ್ಧ ಅಥವಾ ಮಹಾಕ್ಷೋಭೆಯ ಸಂದರ್ಭಕ್ಕಾಗಿ ಇಟ್ಟ ಅಧಿಕಾರವನ್ನು ಶಾಂತಿಯ ಕಾಲದಲ್ಲಿ ಒಬ್ಬ ಭಾಷಣಕಾರನ ಮೇಲೆ ಎತ್ತಲಾಗದೆಂದು ತೀರ್ಮಾನಿಸಿ ಮೇ 18ರಂದು ಅವನನ್ನು ಬಿಡುಗಡೆ ಮಾಡಿದರು. ಗವರ್ನರೂ ಕಾನೂನಿನ ಕೈಕೆಳಗಿನವನೇ ಎಂಬುದು ಆಗ ಜನರಿಗೆ ಗೋಚರವಾಯಿತು. ಆದರೆ ಇನ್ನೊಂದು ಮುಖವನ್ನೂ ನೋಡಬೇಕು. ಅವನನ್ನು ಬಿಡಿಸಿದ್ದು ಕೋರ್ಟು. 34 ಮತಗಳ ನಿರ್ಣಯವಲ್ಲ. ಸಭೆಯ ನಿರ್ಣಯದಿಂದ ಗವರ್ನರ ಆಜ್ಞೆಯು ತಾನಾಗಿ ಬಿದ್ದುಹೋಗುವಂತೆ ಆ ರಾಜ್ಯಾಂಗದಲ್ಲಿ ಇರಲಿಲ್ಲ.

ಇಷ್ಟಾದರೂ ಮತವೆಂಬುದು ವ್ಯರ್ಥವಾಗಲಿಲ್ಲ. 1934–35ರಲ್ಲಿ ಚಳಿಜ್ವರವು ಮಾರಿಯಂತೆ ಹಬ್ಬಿ ಸುಮಾರು 80,000 ಜನರು ಸತ್ತರು. ಮತದಾರರ ಮುಂದೆ ಮತ್ತೆ ನಿಲ್ಲಬೇಕಾದ ಸದಸ್ಯರಿಗೆ ಹಳ್ಳಿಯ ಆಸ್ಪತ್ರೆಯೂ ಔಷಧವೂ ಆಗ ದೊಡ್ಡ ವಿಷಯಗಳಾದುವು. ಕಾಡು ಬೆಳೆದಿದ್ದ ಮಿನ್ನೇರಿಯದಂಥ ಪುರಾತನ ಕೆರೆಗಳ ಕೆಳಗೆ ರೈತರನ್ನು ನೆಲೆಗೊಳಿಸುವ ಕೆಲಸವನ್ನು ವ್ಯವಸಾಯ ಮಂತ್ರಿ ಡಿ. ಎಸ್. ಸೇನಾನಾಯಕರು ಹಿಡಿದರು. ಇವೆಲ್ಲಕ್ಕಿಂತ ಮಿಗಿಲಾದುದು ವಿದ್ಯಾಮಂತ್ರಿ ಸಿ. ಡಬ್ಲ್ಯು. ಡಬ್ಲ್ಯು. ಕನ್ನಂಗರ ಅವರ ಕೆಲಸ. ಹಣವಂತರ ಮಕ್ಕಳು ಇಂಗ್ಲಿಷ್ ಸ್ಕೂಲಿಗೆ, ಬಡವರ ಮಕ್ಕಳು ಊರ ಶಾಲೆಗೆ ಎಂಬ ಭೇದವನ್ನು ಮುರಿಯಲು ಅವರು ಹಳ್ಳಿಗಾಡಿನಲ್ಲಿ ಮಧ್ಯ ಮಹಾವಿದ್ಯಾಲಯಗಳನ್ನು ತೆರೆಸಿದರು; ಬಹಳ ಹೋರಾಟದ ಮೇಲೆ, 1945ರ ಅಕ್ಟೋಬರಿನಿಂದ ಶಿಶುವರ್ಗದಿಂದ ವಿಶ್ವವಿದ್ಯಾನಿಲಯದವರೆಗೆ ಶುಲ್ಕವಿಲ್ಲದ ವಿದ್ಯಾಭ್ಯಾಸವು ಜಾರಿಗೆ ಬಂದಿತು. ಹೆಬ್ಬೆಟ್ಟಿನವರಿಗೆ ಮತ ಕೊಟ್ಟರೆ ದೇಶ ಹಾಳಾಗುವುದೆಂದು ಹೆದರಿದವರಿಗೆ ಆ ಹೆಬ್ಬೆಟ್ಟಿನವರೇ ಕೊಟ್ಟ ಉತ್ತರವಿದು: ತಮ್ಮ ಮಕ್ಕಳನ್ನು ಓದಿಸುವವರನ್ನು ಆರಿಸಿದರು.

ಈಗ ತೋಟದ ಹೆಂಗಸರ ಪ್ರಶ್ನೆಗೆ ಹಿಂದಿರುಗಬೇಕು. ಸಿಂಹಳದ ಬೆಟ್ಟಗಳಲ್ಲಿ ಮೊದಲು ಕಾಫಿಗೂ ಆಮೇಲೆ ಚಹಕ್ಕೂ ರಬ್ಬರಿಗೂ ಕೂಲಿಗಳು ಬಂದದ್ದು ತಮಿಳುನಾಡಿನ ಬರಪೀಡಿತ ಜಿಲ್ಲೆಗಳಿಂದ. 1946ರ ಜನಗಣತಿಯಲ್ಲಿ ಈ ಪಂಗಡದವರು ಸುಮಾರು 7 ಲಕ್ಷ 80 ಸಾವಿರ. ಕಮಿಷನ್ನಿನವರು ಇವರನ್ನು ಸುಲಭವಾಗಿ ಮತದಾರರೊಳಗೆ ಸೇರಿಸಲು ನೋಡಿದ್ದರು. ಆದರೆ ಸಿಂಹಳೀಯ ಸದಸ್ಯರು ಕೋಪಗೊಂಡುದರಿಂದ ಗವರ್ನರ್ ಸ್ಟಾನ್ಲಿಯು ನಿಬಂಧನೆಗಳನ್ನು ಬಿಗಿಮಾಡಿದನು. ಸಿಂಹಳವೇ ತನ್ನ ನೆಲೆಯೆಂದು ಸ್ಥಾಪಿಸಬೇಕು. ಇಲ್ಲವೆ ಆಸ್ತಿ, ಅಕ್ಷರಜ್ಞಾನ ಇರಬೇಕು. ಇಲ್ಲವೆ ಐದು ವರ್ಷ ವಾಸವಾಗಿದ್ದು, ಇಂಡಿಯಾ ಸರ್ಕಾರದ ವಿಶೇಷ ರಕ್ಷಣೆ ಬೇಡವೆಂದು ಬರೆದುಕೊಟ್ಟು ಕಾಯಂ ವಾಸದ ಪತ್ರ ಪಡೆಯಬೇಕು. ಹೀಗಿದ್ದರೂ ಬಹುಮಂದಿಗೆ ಮತ ದೊರೆಯಿತು. 1931ರ ಮಂತ್ರಿಗಳಲ್ಲಿ ಕಾರ್ಮಿಕ ಇಲಾಖೆಯ ಪೆರಿ ಸುಂದರಂ ಅವರು ಇದೇ ಪಂಗಡದವರು; ರಸ್ತೆ ಮತ್ತು ಕಟ್ಟಡಗಳ ಮಂತ್ರಿ ಮಾಕನ್ ಮರ್ಕಾರರು ಮುಸಲ್ಮಾನರು. 1936ರ ಚುನಾವಣೆಯಾದ ಮೇಲೆ ಸಮಿತಿಗಳಲ್ಲಿ ಸಂಖ್ಯೆಯ ಲೆಕ್ಕಾಚಾರವು ಜಾಣತನದಿಂದ ನಡೆದು, ಏಳು ಮಂತ್ರಿಗಳೂ ಸಿಂಹಳೀಯರೇ ಆದರು. ಹೊರಗಿನವರು ಮೂರು ಕೈಗಳನ್ನು ಬಿಗಿಹಿಡಿದಿರುವಾಗ, ಒಳಗಿನವರು ಉಳಿದ ಏಳನ್ನು ತಮ್ಮತಮ್ಮಲ್ಲೇ ಹಂಚಿಕೊಂಡರು.

ಯುದ್ಧಾನಂತರದ ಏರ್ಪಾಡನ್ನು ಬೇಗನೆ ಹೇಳಿಬಿಡಬಹುದು. 1944ರ ಕಡೆಯಲ್ಲಿ ಸೋಲ್‌ಬರಿ ಪ್ರಭುವಿನ ಕಮಿಷನ್ನು ಬಂದಿತು. ಸಮಿತಿಗಳು ಹೋಗಿ ಇಂಗ್ಲೆಂಡಿನ ಮಾದರಿಯ ಮಂತ್ರಿಮಂಡಲವೂ, 101 ಸದಸ್ಯರ ಪ್ರತಿನಿಧಿಸಭೆಯೂ, 30 ಸದಸ್ಯರ ಸೆನೆಟ್ಟೂ ಬಂದುವು. ಅಲ್ಪಸಂಖ್ಯಾತರ ಭಯವನ್ನು ನೀಗಲು 29ನೆಯ ಪ್ರಕರಣವೊಂದನ್ನು ಬರೆದರು: ಒಂದು ಜನಾಂಗದವರಿಗೆ ಮಾತ್ರ ಬಾಧಕವಾಗಿ ಉಳಿದವರಿಗೆ ಇಲ್ಲದಂತೆ ಪಾರ್ಲಿಮೆಂಟು ಕಾನೂನು ಮಾಡಕೂಡದು ಎಂದು. 1947ರ ಚುನಾವಣೆಯಲ್ಲಿ ತೋಟದ ಕಾರ್ಮಿಕರು ಮತವಿತ್ತು ತಮ್ಮವರು ಕೆಲವರನ್ನು ಪಾರ್ಲಿಮೆಂಟಿಗೆ ಕಳುಹಿಸಿದರು. 1948ನೆಯ ಫೆಬ್ರವರಿ 4ರಂದು ಸಿಂಹಳವು ಸ್ವತಂತ್ರವಾಯಿತು. ಎಲ್ಲ ಕೈಗಳೂ ದೇಶೀಯರ ಸೊಂಟಕ್ಕೆ ಬಂದುವು.

ಬಂದ ವರ್ಷವೇ ಮಾಡಿದ ಮುಖ್ಯ ಕಾನೂನುಗಳಲ್ಲಿ ಒಂದು ಪೌರತ್ವದ ಶಾಸನ. ತಾನು ದೇಶದಲ್ಲಿ ಹುಟ್ಟಿದ್ದರೆ ಸಾಲದು. ತಂದೆಯು ಅಲ್ಲಿ ಹುಟ್ಟಿದವನೆಂದೋ, ಅಜ್ಜನೂ ಮುತ್ತಜ್ಜನೂ ಅಲ್ಲಿಯೇ ಹುಟ್ಟಿದವರೆಂದೋ ತೋರಿಸಬೇಕು. ವಾಚಕರು ತಮ್ಮ ಮನೆಯ ಪೆಟ್ಟಿಗೆಯನ್ನು ತೆರೆದು ಮುತ್ತಜ್ಜನ ಜನನಪತ್ರವನ್ನು ಹುಡುಕಿ ನೋಡಲಿ! ಅನುಕೂಲಸ್ಥರ ಮನೆಗಳಲ್ಲಿಯೇ ದೊರೆಯದ ಈ ಕಾಗದವು, ಹತ್ತಡಿಯ ಕೋಣೆಯೊಂದರಲ್ಲಿ ಸಂಸಾರವೆಲ್ಲ ಬಾಳುತ್ತಿದ್ದ ತೋಟದ ಸಾಲುಮನೆಗಳಲ್ಲಿ ಎಲ್ಲಿಂದ ಬರಬೇಕು? 1949ರಲ್ಲಿ, ಪೌರರಲ್ಲದವರಿಗೆ ಮತವಿಲ್ಲವೆಂದು ಚುನಾವಣೆಯ ಕಾನೂನನ್ನು ತಿದ್ದಿದರು. 1931ರಿಂದ ಮತ ಕೊಡುತ್ತಿದ್ದ ಹೆಂಗಸರ, ಗಂಡಸರ ಹೆಸರುಗಳು ಪಟ್ಟಿಯಿಂದ ಹಾರಿಹೋದುವು. 1952ರ ಚುನಾವಣೆಯಲ್ಲಿ ಆ ಪಂಗಡದಿಂದ ಒಬ್ಬರೂ ಆರಿಸಿ ಬರಲಿಲ್ಲ. 29ನೆಯ ಪ್ರಕರಣವನ್ನು ಹಿಡಿದು ಅವರು ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋದರು. ಆದರೆ ಯಾರು ತನ್ನ ಪೌರರೆಂದು ಗೊತ್ತುಮಾಡುವುದು ಯಾವ ದೇಶಕ್ಕೂ ಸಹಜವಾದ ಅಧಿಕಾರವೆಂದೂ, ಕಾನೂನಿನ ಮಾತಿನಲ್ಲಿ ಯಾವ ಜನಾಂಗದ ಹೆಸರೂ ಇಲ್ಲವೆಂದೂ 1953ರಲ್ಲಿ ತೀರ್ಪಾಯಿತು. ಕಾನೂನಿನ ಅಕ್ಷರದಲ್ಲಿ ಹೆಸರಿರಲಿಲ್ಲವೆಂಬುದು ನಿಜ.

1964ರಲ್ಲಿ ನಮ್ಮ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಗಳಿಗೂ ಸಿಂಹಳದ ಪ್ರಧಾನಿ ಸಿರಿಮಾವೋ ಬಂಡಾರನಾಯಕೆಯವರಿಗೂ ಒಪ್ಪಂದವಾಯಿತು. ದೇಶವಿಲ್ಲದವರಾಗಿದ್ದ 9 ಲಕ್ಷ 75 ಸಾವಿರ ಜನರಲ್ಲಿ 5 ಲಕ್ಷ 25 ಸಾವಿರ ಜನರನ್ನು ಭಾರತವೂ 3 ಲಕ್ಷ ಜನರನ್ನು ಸಿಂಹಳವೂ ತೆಗೆದುಕೊಳ್ಳುವುದೆಂದೂ, ಉಳಿದ ಒಂದೂವರೆ ಲಕ್ಷದ ಮಾತನ್ನು ಮುಂದೆ ನೋಡುವುದೆಂದೂ ಗೊತ್ತಾಯಿತು. ಲೋಕಪ್ರಸಿದ್ಧರಾದ ಪ್ರಥಮ ಮಹಿಳಾ ಪ್ರಧಾನಿಯೇ ಆ ಒಪ್ಪಂದಕ್ಕೆ ಸಹಿ ಹಾಕಿದವರು. ಹೆಂಗಸರಿಗೆ ಮತ ಬೇಕೆಂದು ಆಗ್ನೆಸ್ ಡಿ ಸಿಲ್ವಾ ಕೇಳಿ ಆಗ್ಗೆ ನಾಲ್ಕು ದಶಕಗಳೂ ತುಂಬಿರಲಿಲ್ಲ. ಆ ಮೇಲೆ ಹಲವು ವರ್ಷಗಳವರೆಗೆ ತಲೈಮನ್ನಾರಿನಿಂದ ರಾಮೇಶ್ವರದ ಕಡೆಗೆ ಹಡಗು ಹತ್ತಿ ಬಂದವರು, ತಾವು ಎಂದೂ ಕಾಣದಿದ್ದ ‘ಸ್ವದೇಶ’ಕ್ಕೆ ಬಂದು ಇಳಿದರು. ಅವರಲ್ಲಿ ಒಂದು ಪಾಲಿನವರನ್ನು ನಮ್ಮ ಸುಳ್ಯ, ಪುತ್ತೂರು ತಾಲೂಕುಗಳಲ್ಲಿ ಸರ್ಕಾರದವರು ಎಬ್ಬಿಸಿದ ರಬ್ಬರು ತೋಟಗಳಲ್ಲಿ ನೆಲೆಗೊಳಿಸಿದರು. ಆ ತೋಟಗಳು ಇಂದು ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದವು. ಅಲ್ಲಿ ಬೆಳಗಿನ ಜಾವಕ್ಕೆ ಎದ್ದು ಮರಗಳಿಂದ ರಬ್ಬರು ಹಾಲು ಇಳಿಸುವ ಸಂಸಾರಗಳು ಮನೆಯಲ್ಲಿ ತಮಿಳನ್ನೂ ಶಾಲೆಯಲ್ಲಿ ಕನ್ನಡವನ್ನೂ ಆಡಿ ಬೆಳೆದಿವೆ. ಅತ್ತ ಸಿಂಹಳದಲ್ಲಿಯೇ ಉಳಿದು ಯಾವ ದೇಶಕ್ಕೂ ಸೇರದೆ ಇದ್ದವರಿಗೆ ಅಲ್ಲಿಯ ಪಾರ್ಲಿಮೆಂಟು 2003ರಲ್ಲಿ ಒಂದು ಶಾಸನದಿಂದ ಪೌರತ್ವವನ್ನು ಕೊಟ್ಟಿತು. ಅವರ ಅಜ್ಜಿಯರು ಬಣ್ಣವನ್ನು ನೋಡಿ ಮತ ಕೊಟ್ಟು ಆಗ 72 ವರ್ಷಗಳಾಗಿದ್ದುವು.